ಕಾಣದ ದೋಷಕ್ಕೆ ಕಿವಿಗೊಟ್ಟವರು



ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳಿ. ತಾಲ್ಲೂಕು ಕೇಂದ್ರದಿಂದ ನಿಮ್ಮ ಊರಿಗೆ ಹದಿನೈದು ಕಿಲೋಮೀಟರ್ ದಾರಿ. ಕುಡಿಯುವ ನೀರಿನ ಕೊಳವೆಗೆಂದು, ರಸ್ತೆ ಅಗಲೀಕರಣಕ್ಕೆಂದು ದಾರಿಯುದ್ದಕ್ಕೂ ನಾಲ್ಕಾರು ಕಡೆ ನೆಲ ಅಗೆದಿದ್ದಾರೆ. ಮಧ್ಯಾಹ್ನ ಇದ್ದಕ್ಕಿದ್ದಂತೆ ಬ್ಯಾಂಕಿನಲ್ಲಿ ವ್ಯವಹಾರ ನಿಂತಿತು, ಪಂಚಾಯಿತಿ ಕಚೇರಿಯ ಕಂಪ್ಯೂಟರಿಗೆ ಸಂಪರ್ಕ ಕಡಿಯಿತು. ನೆಲದೊಳಗೆ ಎಲ್ಲೋ ಒಂದು ಕಡೆ ಆಪ್ಟಿಕಲ್ ಫೈಬರ್ ಕೇಬಲ್ ತುಂಡಾಗಿದೆ. ಆದರೆ ಎಲ್ಲಿ? ಹದಿನೈದು ಕಿಲೋಮೀಟರ್ ಉದ್ದಕ್ಕೂ ಅಗೆದು ನೋಡಲಾದೀತೇ?

ಸ್ವಲ್ಪ ಹೊತ್ತಿಗೆ ಇಬ್ಬರು ಬರುತ್ತಾರೆ. ಅವರು ಅಗೆದ ಜಾಗಗಳ ಕಡೆ ತಿರುಗಿಯೂ ನೋಡದೆ ನೇರವಾಗಿ ಟೆಲಿಫೋನ್ ಕೇಂದ್ರದೊಳಕ್ಕೆ ಹೋಗುತ್ತಾರೆ. ಚೀಲದಿಂದ ದಪ್ಪ ಪುಸ್ತಕದಷ್ಟು ಗಾತ್ರದ ಒಂದು ಉಪಕರಣವನ್ನು ತೆಗೆದು, ಗಾಜಿನ ಎಳೆಯೊಂದರ ತುದಿಯನ್ನು ಅದಕ್ಕೆ ಸಿಕ್ಕಿಸಿ, ಗುಂಡಿ ಒತ್ತಿ ಅರ್ಧ ನಿಮಿಷ ಕಾಯುತ್ತಾರೆ. ಪುಟ್ಟ ತೆರೆಯ ಮೇಲೆ ಒಂದು ಗೆರೆ ಮೂಡುತ್ತದೆ. "ಏಳು ಕಿಲೋಮೀಟರ್ ನೂರ ನಲವತ್ತು ಮೀಟರ್" ಎನ್ನುತ್ತಾರೆ ಒಬ್ಬರು. ಇನ್ನೊಬ್ಬರು ಗಾಡಿ ಚಾಲೂ ಮಾಡುತ್ತಾರೆ.

ಕಣ್ಣಿಗೆ ಕಾಣದ, ಕೈಗೆ ಎಟುಕದ ದೋಷವನ್ನು ಕೂತಲ್ಲಿಂದಲೇ ಹೀಗೆ ಗುರುತಿಸುವ ವಿದ್ಯೆ ಒಂದು ದಿನದಲ್ಲಿ ಬಂದದ್ದಲ್ಲ. ಅದರ ಹಿಂದೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಚರಿತ್ರೆ ಇದೆ. ಆ ಚರಿತ್ರೆ ಆರಂಭವಾಗುವುದು ಒಂದು ದೊಡ್ಡ ಸೋಲಿನಿಂದ.

ಮೂರು ವಾರ ಬದುಕಿದ ಕೇಬಲ್

1858ರ ಆಗಸ್ಟ್ 5ರಂದು ಐರ್ಲೆಂಡಿನ ವ್ಯಾಲೆನ್ಷಿಯಾ ದ್ವೀಪಕ್ಕೂ ಅಟ್ಲಾಂಟಿಕ್ ಸಾಗರದ ಆಚೆಯ ನ್ಯೂಫೌಂಡ್‌ಲೆಂಡಿಗೂ ನಡುವೆ ಮೊದಲ ತಂತಿ ಕೇಬಲ್ ಹಾಸಿ ಮುಗಿಯಿತು. ತಾಮ್ರದ ಎಳೆಗಳು, ಅವುಗಳ ಸುತ್ತ ಗುಟ್ಟಾಪರ್ಚಾ ಎಂಬ ಮರದ ಹಾಲಿನಿಂದ ಮಾಡಿದ ವಿದ್ಯುನ್ನಿರೋಧಕ, ಅದರ ಹೊರಗೆ ಕಬ್ಬಿಣದ ತಂತಿಗಳ ಕವಚ. ಆಗಸ್ಟ್ 16ರಂದು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬುಕ್ಯಾನನ್‌ಗೆ ಸಂದೇಶ ಕಳುಹಿಸಿದರು. ನೂರು ಪದಗಳೂ ಇಲ್ಲದ ಆ ಸಂದೇಶ ತಲುಪಲು ಸುಮಾರು 16 ಗಂಟೆ ಹಿಡಿಯಿತು.

ಕೇಬಲಿನ ಆರೋಗ್ಯ ಮೊದಲಿನಿಂದಲೂ ಸರಿಯಿರಲಿಲ್ಲ. ಅವಸರದಲ್ಲಿ ತಯಾರಾದ ಅದರಲ್ಲಿ ಕೆಲವು ಕಡೆ ತಾಮ್ರವು ನಿರೋಧಕದ ನಡುಮಧ್ಯದಲ್ಲಿರದೆ ಪಕ್ಕಕ್ಕೆ ಸರಿದಿತ್ತು. ಬಿಸಿಲಿನಲ್ಲಿ ಬಿದ್ದು ಗುಟ್ಟಾಪರ್ಚಾ ಮೆತ್ತಗಾಗಿದ್ದೂ ಉಂಟು. ಸಂಕೇತಗಳು ಕ್ಷೀಣವಾಗಿ ಬರತೊಡಗಿದಾಗ ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ತಮಗೆ ತೋಚಿದ ಉಪಾಯ ಮಾಡಿದರು. ಅವರು ವೃತ್ತಿಯಿಂದ ಶಸ್ತ್ರವೈದ್ಯರು. ಸಂಕೇತ ಕೇಳಿಸದಿದ್ದರೆ ಇನ್ನೂ ಜೋರಾಗಿ ಕೂಗಬೇಕು ಎಂಬುದು ಅವರ ನಂಬಿಕೆ. ಭಾರಿ ಇಂಡಕ್ಷನ್ ಸುರುಳಿಗಳಿಂದ ಸುಮಾರು 2,000 ವೋಲ್ಟಿನಷ್ಟು ಒತ್ತಡವನ್ನು ಕೇಬಲಿಗೆ ಹಾಯಿಸಿದರು. ಎಲ್ಲೆಲ್ಲಿ ನಿರೋಧಕ ದುರ್ಬಲವಾಗಿತ್ತೋ ಅಲ್ಲಿ ಅದು ಇನ್ನಷ್ಟು ಕೆಟ್ಟಿತು. ಸೆಪ್ಟೆಂಬರ್ ಹುಟ್ಟುವಷ್ಟರಲ್ಲಿ ಕೇಬಲ್ ಮೌನವಾಯಿತು. ಅಪಾರ ಹಣ ಸಮುದ್ರದ ಪಾಲಾಯಿತು.

ಆಗ ಎದ್ದ ಪ್ರಶ್ನೆಯೂ ಇದೇ: ದೋಷ ಎಲ್ಲಿದೆ? ತೀರದಲ್ಲಿ ಕೂತು ಕೇಬಲಿನ ವಿದ್ಯುತ್ ರೋಧವನ್ನು ಅಳೆದ ತಜ್ಞರು ಅದು ಐರ್ಲೆಂಡಿನಿಂದ ಇನ್ನೂರಕ್ಕೂ ಹೆಚ್ಚು ಮೈಲಿ ದೂರದಲ್ಲಿದೆ ಎಂದು ಅಂದಾಜು ಮಾಡಿದರು. ಅಷ್ಟು ಆಳದಿಂದ ಕೇಬಲನ್ನು ಎತ್ತಿ ದುರಸ್ತಿ ಮಾಡುವುದು ಅಂದು ಆಗದ ಮಾತಾಗಿತ್ತು. ಆದರೂ ದಡದಲ್ಲಿ ನಿಂತೇ ಸಮುದ್ರದ ತಳದ ದೋಷವನ್ನು ಅಳೆಯಬಹುದು ಎಂಬ ವಿಚಾರ ಗಟ್ಟಿಯಾಯಿತು.

ಕೂಗುವ ಬದಲು ಕೇಳುವುದು

ವೈಟ್‌ಹೌಸರ ದಾರಿಗೆ ವಿರುದ್ಧವಾದ ದಾರಿಯನ್ನು ಹಿಡಿದವರು ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು ಇವರೇ. ಉಷ್ಣತೆಯ ಕೆಲ್ವಿನ್ ಮಾನದ ಮೂಲಕ ನಿಮಗೆ ಅವರ ಪರಿಚಯವಿದೆ. ಕಳುಹಿಸುವ ವಿದ್ಯುತ್ತನ್ನು ಹೆಚ್ಚಿಸುವುದಲ್ಲ, ಬಂದದ್ದನ್ನು ಗ್ರಹಿಸುವ ಸೂಕ್ಷ್ಮತೆಯನ್ನು ಹೆಚ್ಚಿಸಬೇಕು ಎಂಬುದು ಅವರ ವಾದ. ಅದಕ್ಕಾಗಿ ಅವರು ರೂಪಿಸಿದ್ದು ಕನ್ನಡಿ ಗ್ಯಾಲ್ವನೋಮೀಟರ್. ತಂತಿಯ ಸುರುಳಿಯ ನಡುವೆ ರೇಷ್ಮೆ ಎಳೆಯಲ್ಲಿ ಒಂದು ಪುಟ್ಟ ಕನ್ನಡಿ, ಅದರ ಬೆನ್ನಿಗೆ ಅಂಟಿಸಿದ ಚಿಕ್ಕ ಅಯಸ್ಕಾಂತಗಳು. ಕ್ಷೀಣ ವಿದ್ಯುತ್ ಹರಿದರೂ ಕನ್ನಡಿ ಒಂದಿಷ್ಟು ತಿರುಗುತ್ತದೆ. ಅದರ ಮೇಲೆ ಬಿದ್ದ ದೀಪದ ಬೆಳಕು ಎದುರಿನ ಅಳತೆಪಟ್ಟಿಯ ಮೇಲೆ ಓಡಾಡುತ್ತದೆ. ತೂಕವೇ ಇಲ್ಲದ ಬೆಳಕಿನ ಕಿರಣವೇ ಇಲ್ಲಿ ಮುಳ್ಳು!

ಕೇಬಲ್ ವೈಫಲ್ಯಗಳ ಬಗ್ಗೆ ನಡೆದ ವಿಚಾರಣೆಯ ವರದಿ 1861ರಲ್ಲಿ ಪ್ರಕಟವಾಯಿತು. ಅಲ್ಲಿಂದ ಮುಂದೆ ಕೇಬಲನ್ನು ಕಾರ್ಖಾನೆಯಲ್ಲಿ, ಹಡಗಿನಲ್ಲಿ, ಹಾಸುವಾಗ ಹೀಗೆ ಪ್ರತಿ ಹಂತದಲ್ಲೂ ಅಳೆಯುವ ಶಿಸ್ತು ಬೆಳೆಯಿತು. 1865ರಲ್ಲಿ 'ಗ್ರೇಟ್ ಈಸ್ಟರ್ನ್' ಎಂಬ ಬೃಹತ್ ಹಡಗು ಹೊಸ ಕೇಬಲ್ ಹಾಸುತ್ತ ಹೊರಟಿತು. ನಿರಂತರ ಪರೀಕ್ಷೆಯ ಫಲವಾಗಿ, ಕವಚದ ತಂತಿಯ ಚೂರೊಂದು ನಿರೋಧಕವನ್ನು ಚುಚ್ಚಿದ್ದೂ ಕೂಡಲೇ ತಿಳಿಯಿತು. ದುರದೃಷ್ಟವಶಾತ್ ಸಾವಿರ ಮೈಲಿಗೂ ಹೆಚ್ಚು ದೂರ ಹಾಸಿದ ಮೇಲೆ ಕೇಬಲ್ ಹರಿದು ಸಮುದ್ರಕ್ಕೆ ಬಿತ್ತು.

ಇಲ್ಲಿ ಒಂದು ಪ್ರಸಂಗವನ್ನು ಹೇಳಲೇಬೇಕು. ಆ ತುಂಡಾದ ಕೇಬಲಿನ ಇನ್ನೊಂದು ತುದಿ ವ್ಯಾಲೆನ್ಷಿಯಾದಲ್ಲೇ ಇತ್ತಲ್ಲವೇ? ಅಲ್ಲಿನ ಸಿಬ್ಬಂದಿ ಅದಕ್ಕೆ ಗ್ಯಾಲ್ವನೋಮೀಟರ್ ಜೋಡಿಸಿ ವರ್ಷವಿಡೀ ಬೆಳಕಿನ ಚುಕ್ಕೆಯನ್ನು ಕಾಯುತ್ತಿದ್ದರು. 1866ರ ಜುಲೈನಲ್ಲಿ ಗ್ರೇಟ್ ಈಸ್ಟರ್ನ್ ಇನ್ನೊಂದು ಕೇಬಲನ್ನು ಯಶಸ್ವಿಯಾಗಿ ಹಾಸಿ ಮುಗಿಸಿತು. ಬಳಿಕ ಹಳೆಯ ಕೇಬಲನ್ನು ಸಾಗರದ ತಳದಿಂದ ಕೊಕ್ಕೆ ಹಾಕಿ ಮೇಲೆತ್ತಿತು. ಸೆಪ್ಟೆಂಬರಿನ ಒಂದು ಬೆಳಗಿನ ಜಾವ ವ್ಯಾಲೆನ್ಷಿಯಾದ ಕತ್ತಲೆ ಕೋಣೆಯಲ್ಲಿ ಚುಕ್ಕೆ ಅಲುಗಾಡಿತು. ಸತ್ತಿತೆಂದುಕೊಂಡಿದ್ದ ಕೇಬಲ್ ಮಾತಾಡಿತು. ಇದೇ ಹಡಗು 1870ರಲ್ಲಿ ಮುಂಬಯಿಗೂ ಏಡನ್‌ಗೂ ನಡುವೆ ಕೇಬಲ್ ಹಾಸಿ ನಮ್ಮ ದೇಶವನ್ನು ಸಮುದ್ರದ ತಂತಿಜಾಲಕ್ಕೆ ಸೇರಿಸಿತು.

ನೆಲದ ಮೇಲಿನ ಕೇಬಲುಗಳಿಗೂ ಸರಳವಾದ ವಿಧಾನಗಳು ಬಂದವು. ಪಿ.ಯು.ಸಿ. ಪ್ರಯೋಗಾಲಯದಲ್ಲಿ ನೀವು ಮಾಡುವ ವ್ಹೀಟ್‌ಸ್ಟನ್ ಬ್ರಿಡ್ಜ್ ಪ್ರಯೋಗವೇ ಇವಕ್ಕೆ ಆಧಾರ. ಮರ್ರೆ ಲೂಪ್ ಪರೀಕ್ಷೆಯಲ್ಲಿ, ಕೆಟ್ಟ ತಂತಿಯನ್ನು ದೂರದ ತುದಿಯಲ್ಲಿ ಅಷ್ಟೇ ಉದ್ದದ ಒಳ್ಳೆಯ ತಂತಿಗೆ ಜೋಡಿಸುತ್ತಾರೆ. ಕೇಬಲ್ 10 ಕಿಲೋಮೀಟರ್ ಇದ್ದರೆ ಒಟ್ಟು 20 ಕಿಲೋಮೀಟರಿನ ಕುಣಿಕೆಯಾಯಿತು. ಬ್ರಿಡ್ಜ್ ಸಮತೋಲಕ್ಕೆ ಬಂದಾಗ ಎರಡು ಬಾಹುಗಳ ಅನುಪಾತ 4:1 ಇದ್ದರೆ, ಕೆಟ್ಟ ತಂತಿಯ ದಾರಿಯಲ್ಲಿ ಹೋದಾಗ ದೋಷವಿರುವುದು ಒಟ್ಟು ಉದ್ದದ ಐದನೆಯ ಒಂದು ಪಾಲಿನಲ್ಲಿ. ಅಂದರೆ 4 ಕಿಲೋಮೀಟರ್ ದೂರದಲ್ಲಿ. ಒಂದು ಮಣ್ಣುಹೆಂಟೆಯನ್ನೂ ಎತ್ತದೆ ಲೆಕ್ಕದಿಂದಲೇ ಉತ್ತರ! ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರ್ ಬೆಳೆದ ಮೇಲೆ, ತಾಮ್ರದ ತಂತಿಯೊಳಕ್ಕೆ ವಿದ್ಯುತ್ತಿನ ಮಿಡಿತವನ್ನು ಕಳುಹಿಸಿ ಅದರ ಮಾರ್ದನಿಗೆ ಕಾಯುವ ಉಪಕರಣಗಳೂ ಬಳಕೆಗೆ ಬಂದವು.

ಗಾಜಿನ ದಾರಿ

ಈ ನಡುವೆ ತಂತಿಯೇ ಬದಲಾಗುವ ಕಾಲ ಬಂತು. ಬಾಗಿದ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಹರಿಯುವುದನ್ನು 1841ರಲ್ಲಿ ಜಿನೀವಾದ ಡೇನಿಯಲ್ ಕೊಲಡಾನ್, 1854ರಲ್ಲಿ ಲಂಡನ್ನಿನ ಜಾನ್ ಟಿಂಡಾಲ್ ತೋರಿಸಿದ್ದರು. ಇದಕ್ಕೆ ಕಾರಣ ಪೂರ್ಣ ಆಂತರಿಕ ಪ್ರತಿಫಲನ. ನೂರು ವರ್ಷಗಳ ನಂತರ, 1954ರಲ್ಲಿ, ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು.

ಆದರೆ ಅಂದಿನ ಗಾಜು ಬೆಳಕನ್ನು ನುಂಗಿಬಿಡುತ್ತಿತ್ತು. ಸುಮಾರು 20 ಮೀಟರ್ ಸಾಗುವಷ್ಟರಲ್ಲಿ ನೂರು ಪಾಲು ಬೆಳಕಿನಲ್ಲಿ ಉಳಿಯುತ್ತಿದ್ದುದು ಒಂದೇ ಪಾಲು. 1966ರಲ್ಲಿ ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಟೆಲಿಕಮ್ಯುನಿಕೇಷನ್ ಪ್ರಯೋಗಾಲಯದ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್, ತಪ್ಪು ಗಾಜಿನದಲ್ಲ, ಅದರೊಳಗಿನ ಕಶ್ಮಲದ್ದು ಎಂದು ವಾದಿಸಿದರು. ಶುದ್ಧಗೊಳಿಸಿದರೆ ಒಂದು ಕಿಲೋಮೀಟರ್ ಸಾಗಿದ ಮೇಲೂ ನೂರರಲ್ಲಿ ಒಂದು ಪಾಲು ಉಳಿಯುವಂತೆ ಮಾಡಬಹುದು, ಟೆಲಿಫೋನಿಗೆ ಅಷ್ಟು ಸಾಕು ಎಂದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮೌರರ್, ಕೆಕ್, ಷುಲ್ಟ್ಸ್ ಎಂಬ ಮೂವರು ವಿಜ್ಞಾನಿಗಳು ಆ ಗುರಿಯನ್ನು ದಾಟಿದರು. 1979ರ ಹೊತ್ತಿಗೆ ಜಪಾನಿನಲ್ಲಿ ಎಷ್ಟು ಶುದ್ಧ ಎಳೆ ತಯಾರಾಯಿತೆಂದರೆ, ನೂರರಲ್ಲಿ ಒಂದು ಪಾಲು ಬೆಳಕು 100 ಕಿಲೋಮೀಟರ್ ಆಚೆಗೂ ಮುಟ್ಟುವಂತಾಯಿತು. 20 ಮೀಟರಿನಿಂದ 100 ಕಿಲೋಮೀಟರಿಗೆ! ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಹುಮಾನ ಸಂದಿತು.

ಕಳ್ಳನೇ ಸಾಕ್ಷಿಯಾದ

ಹೊಸ ದಾರಿ ಬಂದ ಮೇಲೆ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಗಾಜಿನಲ್ಲಿ ವಿದ್ಯುತ್ ಹರಿಯದು, ಆದ್ದರಿಂದ ಥಾಮ್ಸನ್ ಮತ್ತು ಮರ್ರೆಯವರ ವಿಧಾನಗಳು ಇಲ್ಲಿ ನಡೆಯವು. ಎಳೆಯಲ್ಲಿ ಎಷ್ಟು ಬೆಳಕು ನಷ್ಟವಾಗುತ್ತಿದೆ ಎಂದು ತಿಳಿಯಲು ದೂರದ ತುದಿಯಲ್ಲಿ ಒಮ್ಮೆ ಅಳೆದು, ಎಳೆಯನ್ನು ಆರಂಭದ ಬಳಿ ಕತ್ತರಿಸಿ ಮತ್ತೊಮ್ಮೆ ಅಳೆಯಬೇಕಿತ್ತು. ಪ್ರಯೋಗಾಲಯದಲ್ಲಿ ಇದು ಸರಿ, ಆದರೆ ನೆಲದಲ್ಲಿ ಹೂತ ಕೇಬಲಿಗೆ?

ಉತ್ತರ ಬಂದದ್ದು ಅನಿರೀಕ್ಷಿತ ಮೂಲೆಯಿಂದ. ಗಾಜನ್ನು ಎಷ್ಟೇ ಶುದ್ಧಗೊಳಿಸಿದರೂ ಒಂದು ನಷ್ಟ ಮಾತ್ರ ಉಳಿದೇ ಉಳಿಯುತ್ತದೆ. ಕರಗಿದ ಗಾಜು ತಣ್ಣಗಾಗುವಾಗ ಅದರ ಸಾಂದ್ರತೆ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಅತಿ ಸೂಕ್ಷ್ಮವಾದ ಏರುಪೇರು ಹಾಗೆಯೇ ಗಟ್ಟಿಯಾಗಿಬಿಡುತ್ತದೆ. ಅದಕ್ಕೆ ತಾಗಿದ ಬೆಳಕು ಎಲ್ಲ ದಿಕ್ಕಿಗೂ ಚದರುತ್ತದೆ. ಆಕಾಶ ನೀಲಿಯಾಗಿ ಕಾಣುವುದೇಕೆ ಎಂದು 1871ರಲ್ಲಿ ಲಾರ್ಡ್ ರ‍್ಯಾಲೆ ವಿವರಿಸಿದ ಚದರಿಕೆಯೇ ಇದು. ಹಾಗೆ ಚದರಿದ್ದರಲ್ಲಿ ಒಂದು ಕಿಂಚಿತ್ ಪಾಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. 1976ರಲ್ಲಿ ಅಮೆರಿಕದ ಹ್ಯೂಸ್ ಸಂಶೋಧನಾಲಯದ ಬಾರ್ನೋಸ್ಕಿ ಮತ್ತು ಜೆನ್ಸನ್ ಈ ಹಿಂದಿರುಗುವ ಬೆಳಕನ್ನು ಅಳೆದರೆ ಎಳೆಯ ಉದ್ದಕ್ಕೂ ಏನಾಗಿದೆ ಎಂಬುದನ್ನು ಒಂದೇ ತುದಿಯಿಂದ, ಎಲ್ಲೂ ಕತ್ತರಿಸದೆ ತಿಳಿಯಬಹುದು ಎಂದು ತೋರಿಸಿದರು. ಮರುವರ್ಷ ಬೆಲ್ ಪ್ರಯೋಗಾಲಯದ ಪರ್ಸೊನಿಕ್ ಈ ವಿಧಾನವನ್ನು ಇನ್ನಷ್ಟು ಬೆಳೆಸಿದರು. ಇಂದು ಓ.ಟಿ.ಡಿ.ಆರ್. ಎಂದು ಕರೆಯುವ ಉಪಕರಣದ ಹುಟ್ಟು ಇದು.

ಇದರ ಸ್ವಾರಸ್ಯವನ್ನು ಗಮನಿಸಿ. ವಿಜಯಪುರದ ಗೋಲ ಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಮಾರ್ದನಿ ಬರುವುದು ಗೋಡೆಯಿಂದ. ತಾಮ್ರದ ತಂತಿಯಲ್ಲೂ ಅಷ್ಟೆ, ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿಂದ ಮಾತ್ರ ಮಾರ್ದನಿ. ಗಾಜಿನ ಎಳೆಯಲ್ಲಾದರೋ ಪ್ರತಿ ಮೀಟರೂ ಪಿಸುಮಾತಿನಲ್ಲಿ ಉತ್ತರ ಕೊಡುತ್ತದೆ. ಬೆಳಕನ್ನು ಕದಿಯುವ ಕಳ್ಳನೆಂದು ಯಾವುದನ್ನು ದೂರುತ್ತಿದ್ದರೋ ಅದೇ ಈಗ ಸಾಕ್ಷಿ ಹೇಳತೊಡಗಿತು. ಆ ದನಿ ಎಷ್ಟು ಮೆಲುವಾದದ್ದು ಎಂದರೆ, ಕಳುಹಿಸಿದ ಬೆಳಕಿನಲ್ಲಿ ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು. ಆದ್ದರಿಂದ ಉಪಕರಣ ಒಂದೇ ಪ್ರಶ್ನೆಯನ್ನು ಸಾವಿರಾರು ಸಲ ಕೇಳಿ, ಬಂದ ಉತ್ತರಗಳ ಸರಾಸರಿ ತೆಗೆಯುತ್ತದೆ.

ನಮ್ಮ ನಾಡಿಗೂ ಇದರೊಡನೆ ಒಂದು ನಂಟಿದೆ. ಸಮುದ್ರದ ನೀಲಿಗೆ ಆಕಾಶದ ಪ್ರತಿಬಿಂಬವೇ ಕಾರಣವೆಂಬ ರ‍್ಯಾಲೆಯವರ ಮಾತನ್ನು 1921ರ ಹಡಗುಯಾನದಲ್ಲಿ ಪ್ರಶ್ನಿಸಿದವರು ಸಿ.ವಿ. ರಾಮನ್. ಆ ಹುಡುಕಾಟ 1928ರಲ್ಲಿ ರಾಮನ್ ಪರಿಣಾಮದ ಶೋಧಕ್ಕೆ ಒಯ್ದಿತು. 1933ರಲ್ಲಿ ಬೆಂಗಳೂರಿಗೆ ಬಂದ ಅವರು ಕೊನೆಯವರೆಗೂ ಇಲ್ಲೇ ನೆಲೆಸಿದರು. 1980ರ ದಶಕದಲ್ಲಿ ಇದೇ ಮಾರ್ದನಿಯ ಉಪಾಯವನ್ನು ರಾಮನ್ ಚದರಿಕೆಗೂ ಅನ್ವಯಿಸಿ, ಎಳೆಯ ಉದ್ದಕ್ಕೂ ಉಷ್ಣತೆಯನ್ನು ಅಳೆಯುವ ಸಾಧನಗಳನ್ನು ಮಾಡಿದರು. ಸುರಂಗಗಳಲ್ಲಿ ಬೆಂಕಿಯ ಸುಳಿವು ಹಿಡಿಯಲು ಅವು ನೆರವಾಗುತ್ತವೆ.

ಅಂಗೈಯೊಳಗಿನ ಉಪಕರಣ

ಮೊದಮೊದಲು ಓ.ಟಿ.ಡಿ.ಆರ್. ಪ್ರಯೋಗಾಲಯದ ಮೇಜನ್ನು ತುಂಬುವ ಸಲಕರಣೆಯಾಗಿತ್ತು. ಆಮೇಲೆ ವಾಹನದಲ್ಲಿ ಒಯ್ಯುವ ಪೆಟ್ಟಿಗೆಯಾಯಿತು. ಲೇಸರ್, ಗ್ರಾಹಕ, ಗಣಕದ ಚಿಪ್ಪುಗಳು ಚಿಕ್ಕದಾದಂತೆ ಕೈಯಲ್ಲಿ ಹಿಡಿಯುವ ಗಾತ್ರಕ್ಕೆ ಇಳಿಯಿತು. ಅದನ್ನು ಬಳಸುವ ಕ್ರಮವನ್ನು ನೋಡೋಣ.

ಮೊದಲ ಕೆಲಸ ತುದಿಯನ್ನು ಶುಚಿಗೊಳಿಸುವುದು. ದೂರದ ಸಂಪರ್ಕಕ್ಕೆ ಬಳಸುವ ಎಳೆಯಲ್ಲಿ ಬೆಳಕು ಹರಿಯುವ ತಿರುಳಿನ ಅಡ್ಡಳತೆ ಸುಮಾರು 9 ಮೈಕ್ರೋಮೀಟರ್, ಅಂದರೆ ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಒಂದು ಧೂಳಿನ ಕಣ ಸಾಕು ದಾರಿ ಮುಚ್ಚಲು. ಎಷ್ಟೋ ದೂರುಗಳು ಈ ಒರೆಸುವಿಕೆಯಲ್ಲೇ ಮುಗಿದುಹೋಗುತ್ತವೆ. ಎರಡನೆಯದು, ಪವರ್ ಮೀಟರಿನಿಂದ ಬೆಳಕು ಬರುತ್ತಿದೆಯೇ, ಬಂದರೆ ಎಷ್ಟು ಎಂದು ನೋಡುವುದು. ಹತ್ತಿರದಲ್ಲೇ ಮುರಿದಿರಬಹುದೆಂಬ ಅನುಮಾನವಿದ್ದರೆ ಕೆಂಪು ಬೆಳಕನ್ನು ಹಾಯಿಸುತ್ತಾರೆ. ಮುರಿದಲ್ಲಿ ಎಳೆ ಕೆಂಪಗೆ ಹೊಳೆಯುತ್ತದೆ. ಇವೆರಡೂ ಸಾಲದಾದಾಗ ಓ.ಟಿ.ಡಿ.ಆರ್. ಹೊರಬರುತ್ತದೆ. ಒಂದು ಎಚ್ಚರಿಕೆ: ಸಂಪರ್ಕದಲ್ಲಿರುವ ಎಳೆಯ ತುದಿಯನ್ನು ಎಂದೂ ಕಣ್ಣಿಗೆ ಹಿಡಿದು ನೋಡಬಾರದು. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡೀತು.

ಇದರ ಲೆಕ್ಕ ಸುಲಭ. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2,04,000 ಕಿಲೋಮೀಟರ್, ಎಂದರೆ ಒಂದು ಮೈಕ್ರೋಸೆಕೆಂಡಿಗೆ 204 ಮೀಟರ್. ಕಳುಹಿಸಿದ ಮಿಡಿತದ ಮಾರ್ದನಿ 70 ಮೈಕ್ರೋಸೆಕೆಂಡಿಗೆ ಹಿಂದಿರುಗಿದರೆ, ಹೋಗಿಬಂದ ದೂರ 14,280 ಮೀಟರ್. ಅದರ ಅರ್ಧ 7,140 ಮೀಟರ್. ನಮ್ಮ ಕಥೆಯ ಆರಂಭದಲ್ಲಿ ಕೇಳಿದ ದೂರ ಇದೇ.

ತೆರೆಯ ಮೇಲಿನ ಗೆರೆಯನ್ನು ಓದುವುದೂ ಕಲಿಯಬಹುದಾದ ಲಿಪಿ. ಎಡದಿಂದ ಬಲಕ್ಕೆ ಮೆಲ್ಲಗೆ ಇಳಿಯುವ ಇಳಿಜಾರು ಎಳೆಯ ಸಹಜ ನಷ್ಟ. ನಡುವೆ ಒಂದು ಚಿಕ್ಕ ಮೆಟ್ಟಿಲು ಕಂಡರೆ ಅದು ಎರಡು ಎಳೆಗಳನ್ನು ಕರಗಿಸಿ ಬೆಸೆದ ಜಾಗ, ಇಲ್ಲವೇ ಎಲ್ಲೋ ಎಳೆ ಅತಿಯಾಗಿ ಬಾಗಿದೆ. ಎರಡರಲ್ಲಿ ಯಾವುದು? ಎರಡು ತರಂಗದೂರಗಳಲ್ಲಿ ಅಳೆದು ನೋಡಬೇಕು. 1310 ನ್ಯಾನೋಮೀಟರಿಗಿಂತ 1550 ನ್ಯಾನೋಮೀಟರಿನಲ್ಲಿ ನಷ್ಟ ಎದ್ದು ಕಂಡರೆ ಅದು ಬಾಗು. ಚೂಪಾದ ಮುಳ್ಳಿನಂತೆ ಮೇಲೆದ್ದರೆ ಕನೆಕ್ಟರ್ ಅಥವಾ ಬಿರುಕು. ಗೆರೆ ಒಮ್ಮೆಲೇ ಕುಸಿದು ಗದ್ದಲದಲ್ಲಿ ಕರಗಿದರೆ ಎಳೆ ಅಲ್ಲಿಗೆ ಮುಗಿದಿದೆ ಅಥವಾ ಕಡಿದಿದೆ.

ಇಲ್ಲೂ ವೈಟ್‌ಹೌಸರ ಪಾಠ ನೆನಪಿಗೆ ಬರುತ್ತದೆ. ಮಿಡಿತವನ್ನು ದೀರ್ಘವಾಗಿಸಿದರೆ ದೂರದವರೆಗೆ ಕಾಣುತ್ತದೆ ನಿಜ. ಆದರೆ ಒಂದು ಮೈಕ್ರೋಸೆಕೆಂಡಿನ ಮಿಡಿತದಲ್ಲಿ ನೂರು ಮೀಟರ್ ಒಳಗಿನ ಎರಡು ದೋಷಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಹತ್ತಿರದ್ದನ್ನು ಬಿಡಿಸಿ ನೋಡಬೇಕಾದರೆ ಮಿಡಿತವನ್ನು ಚುಟುಕಾಗಿಸಬೇಕು. ಎಷ್ಟು ದೂರಕ್ಕೆ ಎಷ್ಟು ದನಿ ಎಂಬ ವಿವೇಚನೆಯನ್ನು ಉಪಕರಣ ಹಿಡಿದವರೇ ಮಾಡಬೇಕು.

ಯಂತ್ರ ಹೇಳದ ಮಾತು

ಹಾಗಾದರೆ 7,140 ಮೀಟರ್ ಎಂದು ಉಪಕರಣ ಹೇಳಿದ ಮೇಲೆ ಮೈಲಿಗಲ್ಲು ಎಣಿಸಿ ಅಗೆದರಾಯಿತೇ? ಇಲ್ಲ. ಉಪಕರಣ ಅಳೆದದ್ದು ಎಳೆಯ ಉದ್ದವನ್ನು, ರಸ್ತೆಯ ಉದ್ದವನ್ನಲ್ಲ. ಕೇಬಲಿನೊಳಗೆ ಎಳೆ ಸ್ವಲ್ಪ ಸಡಿಲವಾಗಿ, ಕೇಬಲಿಗಿಂತ ತುಸು ಉದ್ದವಾಗಿಯೇ ಇರುತ್ತದೆ. ಜೋಡಣೆಯ ಗುಂಡಿಗಳಲ್ಲಿ ಮುಂದೆ ಬೇಕಾದೀತೆಂದು ಕೇಬಲನ್ನು ಸುತ್ತಿ ಇಟ್ಟಿರುತ್ತಾರೆ. ಗಾಜಿನ ವಕ್ರೀಭವನಾಂಕವನ್ನು 1.468 ಎಂದು ಕೊಡುವ ಬದಲು 1.475 ಎಂದು ಕೊಟ್ಟರೆ 20 ಕಿಲೋಮೀಟರಿನಲ್ಲಿ ಸುಮಾರು 95 ಮೀಟರ್ ವ್ಯತ್ಯಾಸ ಬರುತ್ತದೆ. ತಪ್ಪು ಜಾಗದಲ್ಲಿ ಅಗೆದರೆ ಶ್ರಮ ವ್ಯರ್ಥವಾಗುವುದಲ್ಲದೆ, ಚೆನ್ನಾಗಿದ್ದ ಕೇಬಲಿಗೂ ಗುದ್ದಲಿ ಏಟು ಬೀಳಬಹುದು.

ಆದ್ದರಿಂದ ಅನುಭವಿಗಳು ಗೆರೆಯಲ್ಲಿ ಕಾಣುವ ಕೊನೆಯ ಜೋಡಣೆಯನ್ನು ಮೊದಲು ಗುರುತಿಸುತ್ತಾರೆ. ಆ ಜೋಡಣೆಯ ಗುಂಡಿ ಎಲ್ಲಿದೆ ಎಂಬುದು ಕೇಬಲ್ ಹಾಸಿದಾಗ ಬರೆದಿಟ್ಟ ನಕ್ಷೆಯಲ್ಲಿರುತ್ತದೆ. ಅಲ್ಲಿಂದ ಮುಂದಿನ ಚಿಕ್ಕ ದೂರವನ್ನಷ್ಟೇ ಅಳೆದು ಹೋಗುತ್ತಾರೆ. ಸಾಧ್ಯವಿದ್ದರೆ ಇನ್ನೊಂದು ತುದಿಯಿಂದಲೂ ಅಳೆದು ತಾಳೆ ನೋಡುತ್ತಾರೆ. ಕೇಬಲ್ ಹಾಸಿದ ದಿನ ಯಾರೋ ಒಬ್ಬರು ಶ್ರದ್ಧೆಯಿಂದ ಬರೆದ ಒಂದು ಪುಟ, ಹತ್ತು ವರ್ಷಗಳ ನಂತರ ಯಾವ ಯಂತ್ರಕ್ಕೂ ಮಿಗಿಲಾದ ಸಹಾಯ ಮಾಡುತ್ತದೆ.

2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದೊಳಗೆ ಎರಡು ಕೇಬಲುಗಳು ಕಡಿದಾಗ ಭಾರತದ ಇಂಟರ್‌ನೆಟ್ ಸಂಪರ್ಕಕ್ಕೆ ಭಾರಿ ಪೆಟ್ಟು ಬಿತ್ತು. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯಿಂದ ಗ್ರಾಮ ಪಂಚಾಯಿತಿಗಳವರೆಗೂ ಗಾಜಿನ ಎಳೆ ಬಂದಿದೆ. ಪಹಣಿ, ಪಿಂಚಣಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಈಗ ಆ ಎಳೆಯ ಮೇಲೆ ನಿಂತಿವೆ. ಅದು ಕಡಿದಾಗ ಎಷ್ಟು ಬೇಗ, ಎಷ್ಟು ಸರಿಯಾಗಿ ಜಾಗವನ್ನು ಗುರುತಿಸುತ್ತೇವೆ ಎಂಬುದು ಸಾವಿರಾರು ಜನರ ಆ ದಿನದ ಕೆಲಸವನ್ನು ನಿರ್ಧರಿಸುತ್ತದೆ.

ವಿದ್ಯಾರ್ಥಿಗಳೇ, ಕೇಬಲ್ ಸುಮ್ಮನಾದಾಗ ವೈಟ್‌ಹೌಸ್ ಅದರ ಮೇಲೆ ಬಲ ಪ್ರಯೋಗಿಸಿದರು. ಥಾಮ್ಸನ್ ಅದರ ಮಾತಿಗೆ ಕಿವಿಗೊಟ್ಟರು. ಅಗೆಯುವ ಮುಂಚೆ ಅಳೆಯಬೇಕು, ಅಳೆಯುವ ಮುಂಚೆ ಶುಚಿಗೊಳಿಸಬೇಕು, ಅಳೆದದ್ದನ್ನು ಬರೆದಿಡಬೇಕು. ಈ ಮೂರು ಮಾತುಗಳನ್ನು ಕೇಬಲ್ ಕೆಲಸದವರು ದುಬಾರಿ ಬೆಲೆ ತೆತ್ತು ಕಲಿತರು. ನೀವು ಮುಂದೆ ಯಾವ ಕೆಲಸ ಹಿಡಿದರೂ ಇವು ನಿಮಗೆ ಉಪಯೋಗಕ್ಕೆ ಬಂದಾವು.

ಮಾಡಿ ನೋಡಿ, ಯೋಚಿಸಿ

1. ಪಾರದರ್ಶಕ ಬಾಟಲಿಯ ಕೆಳಭಾಗದಲ್ಲಿ ಒಂದು ಸಣ್ಣ ತೂತು ಮಾಡಿ ನೀರು ತುಂಬಿ. ಕತ್ತಲೆ ಕೋಣೆಯಲ್ಲಿ, ತೂತಿನ ಎದುರು ಬದಿಯಿಂದ ಟಾರ್ಚ್ ಬೆಳಕು ಬಿಡಿ. ಬಾಗಿ ಬೀಳುವ ಧಾರೆಯ ಕೊನೆಗೆ ಅಂಗೈ ಹಿಡಿದರೆ ಏನು ಕಾಣುತ್ತದೆ? 1841ರಲ್ಲಿ ಕೊಲಡಾನ್ ತೋರಿಸಿದ್ದು ಇದನ್ನೇ.

2. ಮಾರ್ದನಿ 50 ಮೈಕ್ರೋಸೆಕೆಂಡಿಗೆ ಹಿಂದಿರುಗಿದರೆ ದೋಷ ಎಷ್ಟು ದೂರದಲ್ಲಿದೆ?

3. 12 ಕಿಲೋಮೀಟರ್ ಎಳೆಯೊಂದನ್ನು ಒಂದು ತುದಿಯಿಂದ ಅಳೆದಾಗ ಕಡಿತ 4.8 ಕಿಲೋಮೀಟರಿನಲ್ಲಿ, ಇನ್ನೊಂದು ತುದಿಯಿಂದ ಅಳೆದಾಗ 6.9 ಕಿಲೋಮೀಟರಿನಲ್ಲಿ ಕಂಡಿತು. ಎರಡನ್ನೂ ಕೂಡಿದರೆ 12 ಆಗುತ್ತಿಲ್ಲ. ಏನೇನು ಕಾರಣಗಳಿರಬಹುದು? ಅಗೆಯುವ ಮುಂಚೆ ನೀವಾದರೆ ಏನು ಮಾಡುತ್ತೀರಿ?